ಕಾವಲು ಪ್ರದೇಶಗಳಲ್ಲಿ ಕುಟುಂಬ ವಿಹಾರ

ಕಾವಲು ಎಂಬುದು ದಕ್ಷಿಣ ಕರ್ನಾಟಕದಲ್ಲಿ ದನಕರುಗಳ ಮೇವಿಗಾಗಿ ಕಾಯ್ದಿರಿಸಲಾಗುತ್ತಿದ್ದ ಬಯಲು ಹುಲ್ಲುಗಾವಲು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಸುತ್ತಮುತ್ತ ಇಂತಹ ಹುಲ್ಲುಬಯಲು, ಕುರುಚಲು ಕಾಡು ಹಾಗೂ ಬಂಡೆಗುಡ್ಡಗಳು ಕಂಡುಬರುತ್ತವೆ. ಮಕ್ಕಳೊಂದಿಗೆ ನಡಿಗೆ, ಗುಡ್ಡ ಹತ್ತುವುದು, ಪಕ್ಷಿವೀಕ್ಷಣೆ ಮತ್ತು ಗಾಳಿಪಟ ಹಾರಿಸುವುದು ಇಲ್ಲಿನ ಮುಖ್ಯ ಹೊರಾಂಗಣ ಚಟುವಟಿಕೆಗಳು. ವಿಶಾಲವಾಗಿ, ಮರಗಳಿಲ್ಲದೆ ಗಾಳಿಗೆ ತೆರೆದುಕೊಂಡಿರುವುದರಿಂದ ಇವನ್ನು ಬ್ರಿಟನ್ನಿನ ಮೂರ್‌ಲ್ಯಾಂಡ್‌ಗೆ ಹೋಲಿಸಬಹುದಾದರೂ, ಅಲ್ಲಿನ ನೆಲ ತೇವದ್ದು, ಇಲ್ಲಿನದು ಒಣನೆಲ.

ಭೌಗೋಳಿಕ ಹಿನ್ನೆಲೆ

ಈ ಪ್ರದೇಶವು ಸಮುದ್ರಮಟ್ಟದಿಂದ ಸುಮಾರು 800ರಿಂದ 1,000 ಮೀಟರ್ ಎತ್ತರದಲ್ಲಿದೆ. ಪೂರ್ವದಲ್ಲಿರುವ ಅರಸೀಕೆರೆ ಮಳೆ ಕಡಿಮೆಯಿರುವ ಬಯಲುಸೀಮೆಗೆ ಸೇರಿದೆ. ಬೇಲೂರಿನಿಂದ ಪಶ್ಚಿಮಕ್ಕೆ ಮಲೆನಾಡು ಆರಂಭವಾಗುತ್ತದೆ. ತಂಗಡಿ, ಕಾರೆ, ಕವಳೆ, ಎಲಚಿ ಮತ್ತು ಜಾಲಿ ಇಲ್ಲಿನ ಸಾಮಾನ್ಯ ಸಸ್ಯಗಳು. ನವಿಲು, ಗೌಜುಗ, ಲಾವಕ್ಕಿ ಮತ್ತು ಟಿಟ್ಟಿಭ ಪಕ್ಷಿಗಳು ಹುಲ್ಲುಬಯಲನ್ನು ಅವಲಂಬಿಸಿವೆ.

ಇತಿಹಾಸ

ಮೈಸೂರು ಅರಸರ ಕಾಲದಲ್ಲಿ ಹಾಸನ, ಚಿಕ್ಕಮಗಳೂರು, ತುಮಕೂರು ಮತ್ತು ಚಿತ್ರದುರ್ಗ ಸೀಮೆಗಳಲ್ಲಿ ಅನೇಕ ಕಾವಲುಗಳನ್ನು ಅರಮನೆಯ ಗೋಸಂಪತ್ತಿಗಾಗಿ ಮೀಸಲಿಡಲಾಗಿತ್ತು. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಸುಲ್ತಾನನು ‘ಅಮೃತ ಮಹಲ್’ ಎಂಬ ಹೆಸರಿಟ್ಟನು. ಅಮೃತ ಮಹಲ್ ತಳಿಯ ಎತ್ತುಗಳು ಸೈನ್ಯದ ಸಾಮಗ್ರಿ ಸಾಗಿಸಲು ಬಳಕೆಯಾಗುತ್ತಿದ್ದವು. ಮೇವು ಮತ್ತು ನೀರಿನ ಲಭ್ಯತೆಗೆ ಅನುಗುಣವಾಗಿ ಕಾವಲುಗಳನ್ನು ಬೇಸಿಗೆ, ಮಳೆಗಾಲ ಮತ್ತು ಚಳಿಗಾಲದವೆಂದು ವಿಂಗಡಿಸಿ, ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗಲಾಗುತ್ತಿತ್ತು.

ಪ್ರಮುಖ ತಾಣಗಳು

* ಮಾಲೇಕಲ್ಲು ತಿರುಪತಿ: ಅರಸೀಕೆರೆ ಪಟ್ಟಣದ ಸಮೀಪದ ಬೆಟ್ಟ. ಮೇಲಿನ ವೆಂಕಟರಮಣ ದೇವಾಲಯಕ್ಕೆ ಮೆಟ್ಟಿಲುಗಳಿರುವುದರಿಂದ ಮಕ್ಕಳು ದಾರಿ ತಪ್ಪುವ ಸಂಭವ ಕಡಿಮೆ.
* ಪುಷ್ಪಗಿರಿ: ಹಳೇಬೀಡಿನ ಹತ್ತಿರದ ಗುಡ್ಡ. ಇಲ್ಲಿ ಮಲ್ಲಿಕಾರ್ಜುನ ದೇವಾಲಯವಿದೆ.
* ದ್ವಾರಸಮುದ್ರ ಕೆರೆ: ಹೊಯ್ಸಳರ ರಾಜಧಾನಿಗೆ ಹೆಸರು ನೀಡಿದ ಈ ಕೆರೆಯ ಬಳಿ ನೀರುಹಕ್ಕಿಗಳನ್ನು ನೋಡಬಹುದು.
* ಬಾಸೂರು ಅಮೃತ ಮಹಲ್ ಕಾವಲು: ಅರಸೀಕೆರೆಗೆ ಹೊಂದಿಕೊಂಡಿರುವ ಕಡೂರು ತಾಲ್ಲೂಕಿನಲ್ಲಿದೆ. ಕೃಷ್ಣಮೃಗಗಳಿರುವ ಈ ಹುಲ್ಲುಗಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಭೇಟಿಗೆ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಅಗತ್ಯ.

ಚಟುವಟಿಕೆಗಳು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ಬೆಳಗಿನ ಹೊತ್ತು ನಡಿಗೆಗೆ ಅನುಕೂಲಕರ. ಬಯಲಿನಲ್ಲಿ ನೆರಳು ವಿರಳವಾದ್ದರಿಂದ ಚಿಕ್ಕಮಕ್ಕಳೊಂದಿಗೆ ಕಡಿಮೆ ದೂರವನ್ನು ಆಯ್ದುಕೊಂಡು, ಬಿಸಿಲೇರುವ ಮೊದಲೇ ಹಿಂದಿರುಗುವುದು ಉಚಿತ. ಹೆಜ್ಜೆಗುರುತು ಗುರುತಿಸುವುದು, ಹುಲ್ಲಿನ ಬಗೆಗಳನ್ನು ಹೋಲಿಸುವುದು, ಕುರಿಗಾಹಿಗಳಿಂದ ಗಿಡಗಳ ಹೆಸರು ಕೇಳಿ ತಿಳಿಯುವುದು ಮಕ್ಕಳ ಆಸಕ್ತಿಯನ್ನು ಹಿಡಿದಿಡುತ್ತವೆ. ಗುರುತು ಸಿಗದ ಕಾಡುಹಣ್ಣನ್ನು ತಿನ್ನಬಾರದು. ಹಳೆಯ ಮೈಸೂರು ಭಾಗದಲ್ಲಿ ಆಷಾಢ ಮಾಸದ ಗಾಳಿಗೆ ಗಾಳಿಪಟ ಹಾರಿಸುವ ರೂಢಿಯಿದೆ. ಹಕ್ಕಿಗಳಿಗೂ ಮನುಷ್ಯರಿಗೂ ಅಪಾಯಕಾರಿಯಾದ ನೈಲಾನ್ ಹಾಗೂ ಇತರ ಕೃತಕ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ನಿಷೇಧಿಸಿದ್ದು, ಹತ್ತಿಯ ನೂಲು ಸುರಕ್ಷಿತ.

ಸುರಕ್ಷತೆ

ಅರಸೀಕೆರೆ ಭಾಗದ ಬಂಡೆಗುಡ್ಡಗಳಲ್ಲಿ ಕರಡಿ ಮತ್ತು ಚಿರತೆಗಳಿವೆ. ಆದ್ದರಿಂದ ಮುಂಜಾವಿನ ಕತ್ತಲೆಯಲ್ಲಿ ಹಾಗೂ ಮುಸ್ಸಂಜೆಯ ನಂತರ ಅಲ್ಲಿಗೆ ಹೋಗುವುದು, ಗುಹೆ ಮತ್ತು ಕಲ್ಲುಪೊಟರೆಗಳ ಬಳಿ ಮಕ್ಕಳನ್ನು ಬಿಡುವುದು ಅಪಾಯಕರ. ನಾಗರಹಾವು ಮತ್ತು ಕೊಳಕುಮಂಡಲ ಹುಲ್ಲಿನಲ್ಲಿ ಸುಲಭವಾಗಿ ಕಾಣಿಸುವುದಿಲ್ಲ. ಕಾಲು ಮುಚ್ಚುವ ಬೂಟು ಧರಿಸುವುದು ಒಳ್ಳೆಯದು. ಹಾವು ಕಚ್ಚಿದಲ್ಲಿ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ತುರ್ತು ವಾಹನ ಸೇವೆಯ ಸಂಖ್ಯೆ 108. ಗುಡುಗು-ಸಿಡಿಲಿನ ಸಮಯದಲ್ಲಿ ಬೋಳುಗುಡ್ಡ ಮತ್ತು ಒಂಟಿಮರಗಳಿಂದ ದೂರವಿರಬೇಕು.

ಪರಿಸರ ಸಂರಕ್ಷಣೆ

ಮರಗಳಿಲ್ಲದ ಕಾರಣ ಕಾವಲುಗಳನ್ನು ಪಾಳುಭೂಮಿಯೆಂದು ಭಾವಿಸುವುದುಂಟು. ಸಾಗುವಳಿ, ಒತ್ತುವರಿ, ನೆಡುತೋಪು ಮತ್ತು ಇತರ ಯೋಜನೆಗಳಿಂದಾಗಿ ಅವುಗಳ ವಿಸ್ತೀರ್ಣ ಬಹಳಷ್ಟು ಕುಗ್ಗಿದೆ. ಟಿಟ್ಟಿಭದಂತಹ ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಮಣ್ಣಿನ ಬಣ್ಣದ ಆ ಮೊಟ್ಟೆಗಳು ಅರಿವಿಲ್ಲದೆ ತುಳಿತಕ್ಕೆ ಸಿಗಬಹುದು. ಹಕ್ಕಿಯು ಕೂಗುತ್ತಾ ತಲೆಯ ಮೇಲೆ ಸುತ್ತತೊಡಗಿದರೆ ಗೂಡು ಸಮೀಪದಲ್ಲಿದೆ ಎಂದರ್ಥ. ಆಗ ಬಂದ ದಾರಿಯಲ್ಲೇ ಹಿಂದೆ ಸರಿಯುವುದು ಸೂಕ್ತ. ಇಂಗ್ಲೆಂಡಿನಲ್ಲಿ ಇದೇ ಕಾರಣಕ್ಕಾಗಿ, ಸಾರ್ವಜನಿಕ ಪ್ರವೇಶವಿರುವ ಮೂರ್‌ಲ್ಯಾಂಡ್‌ಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿಗಳನ್ನು ಗಿಡ್ಡ ಹಗ್ಗದಲ್ಲಿ ಹಿಡಿದಿರಬೇಕೆಂಬ ನಿಯಮವಿದೆ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ತಗುಲಿದರೂ ಗೂಡುಗಳೊಂದಿಗೆ ಊರಿನ ದನಗಳ ಮೇವೂ ನಾಶವಾಗುವುದರಿಂದ, ಬಯಲಿನಲ್ಲಿ ಒಲೆ ಹೂಡದೆ ಬುತ್ತಿ ಒಯ್ಯುವುದು ಉತ್ತಮ.