ಅಪ್ಪನ ಚೀಟಿಯ ಕೆಂಪು ಅಕ್ಷರ: ಆಸ್ಪತ್ರೆ ಕಂಪ್ಯೂಟರ್‌ಗಳಿಗೆ ಒಂದೇ ಭಾಷೆ ಕಲಿಸಲು ಹೊರಟ ಕಥೆ

ವಿಡಿಯೋದಲ್ಲಿ ಆಡಿದ ಮಾತನ್ನೇ ಅಲ್ಲಿಲ್ಲಿ ತಿದ್ದಿ ಇಲ್ಲಿ ಕೊಡ್ತಿದ್ದೀನಿ.

ಮೊದಲು ರೋಹಿಣಿಯದೇ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ಅಪ್ಪ ಊರಿಂದ ನಮ್ಮ ಮನೆಗೆ ಬಂದಿದ್ದಾಗ ಜ್ವರ, ಕೆಮ್ಮು ಜೋರಾಯ್ತು. ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅಪ್ಪನ ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರ ತುಂಬ ಹಳೇ ಚೀಟಿಗಳು. ಮೇಲಿನ ಚೀಟಿಯ ಮೂಲೆಯಲ್ಲಿ ಊರಿನ ಡಾಕ್ಟರು ಕೆಂಪು ಇಂಕಿನಲ್ಲಿ, ಕನ್ನಡದಲ್ಲಿ ಬರೆದಿದ್ದರು: ‘ಪೆನಿಸಿಲಿನ್ ಆಗುವುದಿಲ್ಲ’. ಡ್ಯೂಟಿ ಡಾಕ್ಟರಿಗೆ ಆ ಲಿಪಿ ಗೊತ್ತಿಲ್ಲ. ನಾನು ಓದಿ ಹೇಳಿದೆ, ಅವರು ಔಷಧಿ ಬದಲಾಯಿಸಿದರು. ಅವತ್ತು ನಾನು ನೈಟ್ ಶಿಫ್ಟ್‌ನಲ್ಲಿ ಇದ್ದಿದ್ರೆ? ಆ ಪ್ರಶ್ನೆ ಇನ್ನೂ ನನ್ನನ್ನ ಬಿಟ್ಟಿಲ್ಲ.

ಇದಕ್ಕೆ ಉತ್ತರ ನಮ್ಮ ಕಸುಬಿನಲ್ಲೇ ಇದೆ. ಸ್ನೋಮೆಡ್ ಸಿಟಿ ಅನ್ನೋ ವೈದ್ಯಕೀಯ ಪದಕೋಶದಲ್ಲಿ ಪ್ರತಿಯೊಂದು ಕಾಯಿಲೆಗೂ ಒಂದು ಸಂಖ್ಯೆ. ನಾವು ಸಕ್ಕರೆ ಕಾಯಿಲೆ ಅಂತೀವಿ, ಇಲ್ಲಿಯವರು ಶುಗರ್ ಅಂತಾರೆ, ಡಾಕ್ಟರು ‘ಡಿಎಂ’ ಅಂತ ಬರೀತಾರೆ. ಕಂಪ್ಯೂಟರಿಗೆ ಅದು 73211009, ಅಷ್ಟೇ. ಪೆನಿಸಿಲಿನ್ ಅಲರ್ಜಿಗೆ 91936005. ಸಂಖ್ಯೆಗೆ ಕನ್ನಡ, ಹಿಂದಿ ಅನ್ನೋ ಭೇದ ಇಲ್ಲ.

ಹಾಗಾದ್ರೆ ಇದು ಎಲ್ಲ ಕಡೆ ಯಾಕೆ ಬಂದಿಲ್ಲ? ಸ್ವಲ್ಪ ಹಿಂದಕ್ಕೆ ಹೋಗೋಣ.

ಅಮೆರಿಕದಲ್ಲೂ ಒಂದು ಕಂಪನಿಯ ಸ್ಕ್ಯಾನ್ ಯಂತ್ರದ ಚಿತ್ರ ಇನ್ನೊಂದು ಕಂಪನಿಯ ಯಂತ್ರದಲ್ಲಿ ತೆರೆಯದ ಕಾಲ ಇತ್ತು. 1983ರಲ್ಲಿ ರೇಡಿಯಾಲಜಿಸ್ಟರ ಸಂಘ ಮತ್ತು ಯಂತ್ರ ತಯಾರಕರ ಸಂಘ ಒಟ್ಟಿಗೆ ಕೂತವು. 1985ರಲ್ಲಿ ಮೊದಲ ಮಾನದಂಡ ಬಂತು, 1993ರಲ್ಲಿ ಅದಕ್ಕೆ ಡೈಕಾಮ್ ಅಂತ ಹೆಸರಾಯ್ತು. ಬಳಸುವವರೂ ಮಾಡುವವರೂ ಒಂದೇ ಮೇಜಿಗೆ ಬಂದಿದ್ದರಿಂದ ಅದು ನಿಂತಿತು.

ನಮ್ಮ ಕರ್ನಾಟಕದಲ್ಲೂ ಒಂದು ಒಳ್ಳೇ ಆರಂಭ ಇತ್ತು. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿತು. ರೋಗಿ ಅಲ್ಲೇ, ತಜ್ಞರು ಇಲ್ಲಿ. ಆದರೆ ಅದು ಮೊದಲೇ ಗೊತ್ತುಮಾಡಿಕೊಂಡ ಆಸ್ಪತ್ರೆಗಳ ನಡುವಿನ ತಂತಿ. ಗುರುತೇ ಇಲ್ಲದ ಎರಡು ಆಸ್ಪತ್ರೆಗಳು ಮಾತಾಡಬೇಕು ಅಂದ್ರೆ ಇಡೀ ದೇಶಕ್ಕೆ ಒಂದು ಒಪ್ಪಂದ ಬೇಕು.

ಆ ಒಪ್ಪಂದದ ಕರಡುಗಳು ದೆಹಲಿಯಲ್ಲಿ ತಯಾರಾದವು. 2003ರಲ್ಲಿ ಕೇಂದ್ರದ ಮಾಹಿತಿ ತಂತ್ರಜ್ಞಾನ ಇಲಾಖೆ ಖಾಸಗಿ ಕಂಪನಿ ಅಪೊಲೊ ಹೆಲ್ತ್ ಸ್ಟ್ರೀಟ್ ಕೈಯಲ್ಲಿ ಒಂದು ಚೌಕಟ್ಟು ಬರೆಸಿತು. 2010ರಲ್ಲಿ ಆರೋಗ್ಯ ಸಚಿವಾಲಯ ಸಮಿತಿ ಮಾಡಿತು. ಅದರ ಸಭೆಗಳನ್ನ ನಡೆಸುವ ಹೊಣೆ ಹೊತ್ತಿದ್ದು ಉದ್ಯಮಿಗಳ ಒಕ್ಕೂಟ ಫಿಕ್ಕಿ. 2013ರಲ್ಲಿ ದೇಶದ ಮೊದಲ ವಿದ್ಯುನ್ಮಾನ ಆರೋಗ್ಯ ದಾಖಲೆ ಮಾನದಂಡ ಪ್ರಕಟವಾಯ್ತು. 2014ರಲ್ಲಿ ಭಾರತ ಸ್ನೋಮೆಡ್ ಸಂಸ್ಥೆಯ ಸದಸ್ಯ ಆಯ್ತು, ಪುಣೆಯ ಸಿ-ಡ್ಯಾಕ್ ಅದರ ರಾಷ್ಟ್ರೀಯ ಕೇಂದ್ರ ಆಯ್ತು. 2016ರ ಡಿಸೆಂಬರ್‌ನಲ್ಲಿ ಪರಿಷ್ಕೃತ ಆವೃತ್ತಿಯೂ ಬಂತು.

ಕಾಗದದ ಮೇಲೆ ಎಲ್ಲ ಸರಿ. ನೆಲದ ಮೇಲೆ? ಪಾಲಿಸಲೇಬೇಕು ಅನ್ನೋ ಒತ್ತಾಯ ಇರಲಿಲ್ಲ, ಪಾಲಿಸಿದರೆ ಲಾಭವೂ ಕಾಣಲಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಖರ್ಚು, ಡಾಕ್ಟರಿಗೆ ಟೈಪ್ ಮಾಡುವ ಕೆಲಸ, ಆಸ್ಪತ್ರೆಗೆ ರೋಗಿ ಬೇರೆ ಕಡೆ ಹೋಗಿಬಿಟ್ಟರೆ ಅನ್ನೋ ಅಳುಕು. ಮೇಜಿನ ಸುತ್ತ ಸರ್ಕಾರ ಇತ್ತು, ಉದ್ಯಮ ಇತ್ತು. ಚೀಲ ಹಿಡಿದುಕೊಂಡ ಅಪ್ಪ ಇರಲಿಲ್ಲ.

ಆಮೇಲೆ ಲೆಕ್ಕ ಬದಲಾಯ್ತು. ಜೆ. ಸತ್ಯನಾರಾಯಣ ಅವರ ಸಮಿತಿಯ ನೀಲನಕ್ಷೆ 2019ರಲ್ಲಿ ಬಂತು. 2020ರ ಆಗಸ್ಟ್ 15ರಂದು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ಶುರುವಾಯ್ತು, 2021ರ ಸೆಪ್ಟೆಂಬರ್ 27ರಂದು ‘ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್’ ಹೆಸರಲ್ಲಿ ದೇಶಕ್ಕೆಲ್ಲ ಬಂತು. ನಿಮ್ಮಲ್ಲಿ ಎಷ್ಟೋ ಜನರ ಫೋನಿನಲ್ಲಿರುವ 14 ಅಂಕಿಯ ಆಭಾ ಸಂಖ್ಯೆ ಇದರದ್ದೇ. ದಾಖಲೆಗಳನ್ನ ಒಂದು ಕಡೆ ಗುಡ್ಡೆ ಹಾಕುವುದಿಲ್ಲ. ಅವು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ, ರೋಗಿ ಒಪ್ಪಿದರೆ ಮಾತ್ರ ಇನ್ನೊಂದು ಕಡೆಗೆ ಹೋಗುತ್ತವೆ.

ಜನ ಇದನ್ನ ಬಳಸೋಕೆ ಶುರು ಮಾಡಿದ್ದು ಒಂದು ಸಣ್ಣ ಅನುಕೂಲದಿಂದ. 2022ರ ಅಕ್ಟೋಬರ್‌ನಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನ ಆಸ್ಪತ್ರೆಯಲ್ಲಿ ‘ಸ್ಕ್ಯಾನ್ ಅಂಡ್ ಶೇರ್’ ಬಂತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಹೆಸರು, ವಯಸ್ಸು, ವಿಳಾಸ ತಾನಾಗಿ ಹೋಗುತ್ತೆ, ಫೋನಿಗೆ ಟೋಕನ್ ಬರುತ್ತೆ. ಓಪಿಡಿ ಸಾಲಿನಲ್ಲಿ ಬೆಳಗಿನ ಜಾವದಿಂದ ನಿಂತವರಿಗೆ ಅದರ ಬೆಲೆ ಗೊತ್ತು. 2023ರಿಂದ, ನಿಗದಿತ ಮಟ್ಟ ದಾಟಿ ದಾಖಲೆ ಜೋಡಿಸಿದ ಆಸ್ಪತ್ರೆ, ಲ್ಯಾಬ್, ಸಾಫ್ಟ್‌ವೇರ್ ಕಂಪನಿಗಳಿಗೆ ಪ್ರೋತ್ಸಾಹಧನವೂ ಸಿಗೋ ಹಾಗಾಯ್ತು.

ಹಾಗಂತ ಕಥೆ ಮುಗಿದಿಲ್ಲ. ಸ್ಕ್ಯಾನ್ ಮಾಡಿದ ತಕ್ಷಣ ಹೋಗುವುದು ಹೆಸರು, ವಿಳಾಸ, ಅಲರ್ಜಿಯಲ್ಲ. ದಾಖಲೆ ಹೋದಾಗಲೂ ಅದನ್ನ ಫೈರ್ ಅನ್ನೋ ಮಾನದಂಡದ ಲಕೋಟೆಯಲ್ಲಿ ಕಳಿಸ್ತಾರೆ, ಆದರೆ ಒಳಗೆ ಪಿಡಿಎಫ್ ಇಡೋಕೂ ಅವಕಾಶ ಇದೆ. ಅಂದ್ರೆ ಹೊರಗೆ ಹೊಸ ಲಕೋಟೆ, ಒಳಗೆ ಅದೇ ಹಳೇ ಚೀಟಿಯ ಫೋಟೋ. ಅಪ್ಪನ ಕೆಂಪು ಅಕ್ಷರ ಚೀಲದಿಂದ ಕ್ಲೌಡಿಗೆ ಹೋಗುತ್ತೆ, ಆದರೆ 91936005 ಆಗುವುದಿಲ್ಲ.

ನಮ್ಮಲ್ಲಿ ಅನೇಕರು ಇಂಥ ಸಾಫ್ಟ್‌ವೇರ್ ಬರೆಯುವವರೇ. ಡೆಡ್‌ಲೈನ್ ಹತ್ತಿರ ಬಂದಾಗ ‘ಸದ್ಯಕ್ಕೆ ಪಿಡಿಎಫ್ ಸೇರಿಸೋಣ, ಕೋಡಿಂಗ್ ಮುಂದಿನ ರಿಲೀಸಿಗೆ’ ಅಂತ ಮೀಟಿಂಗಿನಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಆವಾಗ ಮಧ್ಯರಾತ್ರಿ, ಭಾಷೆ ಬಾರದ ಊರಲ್ಲಿ, ಮಗ ಪಕ್ಕದಲ್ಲಿಲ್ಲದ ಒಬ್ಬ ಅಪ್ಪನನ್ನ ನೆನಪಿಸಿಕೊಳ್ಳಿ. ಅಷ್ಟರವರೆಗೆ ಒಂದು ಕೆಲಸ ಮಾಡಿ: ಅಪ್ಪ ಅಮ್ಮನಿಗೆ ಯಾವ ಔಷಧಿ ಆಗಲ್ಲ ಅನ್ನೋದನ್ನ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದು ಅವರ ಜೇಬಲ್ಲಿಡಿ.

ಮುಂದಿನ ವಿಡಿಯೋದಲ್ಲಿ ಸಿಗೋಣ.