ಡೇನಿಯಲಪ್ಪನವರ ಮಗ ಚನ್ನಪ್ಪ

ಕನ್ನಡಕ್ಕೆ ಕ್ರೈಸ್ತರ ಸೇವೆ ಎಂಬ ಮಾತು ಬಂದೊಡನೆ ನಮ್ಮ ಸಭೆಗಳಲ್ಲಿ ಕಿಟ್ಟೆಲರ ಹೆಸರು ಕೇಳಿಬರುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನ ಋಣವನ್ನು ಯಾರೂ ಅಲ್ಲಗಳೆಯರು. ಆದ್ದರಿಂದಲೇ ಅದನ್ನು ಮತ್ತೆ ವರ್ಣಿಸುತ್ತ ಕಾಲ ಕಳೆಯಲಾರೆ. ಆದರೆ ‘ಸೇವೆ’ ಎಂಬ ಆ ಪದ ನನ್ನನ್ನು ಬಹುಕಾಲದಿಂದ ಕಾಡಿದೆ. ಹೊರಗಿನಿಂದ ಬಂದವನು ಸೇವೆ ಸಲ್ಲಿಸುತ್ತಾನೆ. ಮನೆಯ ಮಗ ಹೊಲ ಉತ್ತರೆ ಅದನ್ನು ಸೇವೆ ಎನ್ನುವವರುಂಟೆ? ಕ್ರೈಸ್ತ ಮನೆಯಲ್ಲಿ ಹುಟ್ಟಿ, ಕನ್ನಡವನ್ನೇ ಓದಿ, ಕನ್ನಡವನ್ನೇ ಕಲಿಸಿ ನಿವೃತ್ತನಾದ ನನ್ನಂಥವನಿಗೆ ಬಸವಣ್ಣನವರು, ಪುರಂದರದಾಸರು, ಸರ್ವಜ್ಞ ಏನಾಗಬೇಕು? ಅವರು ಎರವಿನ ಒಡವೆಯೋ, ಪಿತ್ರಾರ್ಜಿತವೋ?

ಬಾಸೆಲ್ ಮಿಷನ್ನಿನ ಮೊದಲ ಮೂವರು ಬೋಧಕರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷಗಳ ತರುವಾಯ ಹರ್ಮನ್ ಮೋಗ್ಲಿಂಗ್ ಬಂದರು. 1843ರ ಜುಲೈ 1ರಂದು ಅವರು ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದಕ್ಕಿಂತಲೂ ನನಗೆ ಮುಖ್ಯವಾಗಿ ತೋರುವುದು ಮುಂದೆ ಅವರು ಕೈಗೊಂಡ ಗ್ರಂಥಮಾಲೆ. ಮದರಾಸಿನ ನಿವೃತ್ತ ನ್ಯಾಯಾಧೀಶ ಕಸಮೇಜರ್ ಹಣ ಒದಗಿಸಿದರು. ಜೈಮಿನಿ ಭಾರತ, ಬಸವಪುರಾಣ, ತೊರವೆ ರಾಮಾಯಣ, ದಾಸರ ಪದಗಳು ಓಲೆಗರಿಯಿಂದ ಕಾಗದಕ್ಕೆ ಇಳಿದವು. ಪರಮತವನ್ನು ಅರಿಯದೆ ಬೋಧಿಸಲಾಗದು ಎಂಬ ಲೆಕ್ಕಾಚಾರ ಇದರಲ್ಲಿ ಇರಲಿಲ್ಲವೆಂದು ಹೇಳಿದರೆ ಅದು ಮುಚ್ಚುಮರೆಯಾದೀತು. ಇತ್ತು. ಆದರೆ ಬರಿಯ ಖಂಡನೆಗೆಂದು ಓದುವವನು ದಾಸರ ಪದಗಳನ್ನು ಇಷ್ಟು ಜತನದಿಂದ ಅಚ್ಚು ಹಾಕಿಸುವುದಿಲ್ಲ. ಪಾಂಡಿತ್ಯ ಒಮ್ಮೊಮ್ಮೆ ತನ್ನನ್ನು ಕಳುಹಿಸಿದವರ ಉದ್ದೇಶವನ್ನು ಮೀರಿ ನಡೆಯುತ್ತದೆ.

ಇದೇ ಮೋಗ್ಲಿಂಗರ ಕಥೆಯೊಳಗೆ ಇನ್ನೊಂದು ಕಥೆಯಿದೆ. ಅದು ಗ್ರಂಥಗಳದಲ್ಲ, ಸಂಸಾರದ್ದು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. 1846ರಲ್ಲಿ ಮೋಗ್ಲಿಂಗರೊಡನೆ ಯೂರೋಪಿಗೆ ಹೋಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕ ದೀಕ್ಷೆ ಪಡೆದು ಹಿಂತಿರುಗಿದರು. ಊರಿನಲ್ಲಿ ಅವರಿಗೆ ಬಾಲ್ಯದಲ್ಲೇ ಮದುವೆಯಾಗಿದ್ದ ಹೆಂಡತಿಯಿದ್ದಳು. ಹೆಸರು ಲಕ್ಷ್ಮಿ. ಆಕೆ ಗಂಡನೊಡನೆ ಬಾಳಲು ಬರಲಿಲ್ಲ. 1860ರಲ್ಲಿ ಕೌಂಡಿನ್ಯರು ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ವಿವಾಹವಾದರು.

ಕೌಂಡಿನ್ಯರ ಧೈರ್ಯವನ್ನು ನಾನು ಗೌರವಿಸುತ್ತೇನೆ. ಅಂದಿನ ಕಾಲದಲ್ಲಿ ಜಾತಿ, ಆಸ್ತಿ, ತಾಯಿ ಬಡಿಸುವ ಅನ್ನ, ಇಷ್ಟನ್ನೂ ಒಂದೇ ದಿನ ಬಿಟ್ಟು ಹೊರನಡೆಯುವುದು ಸಾಮಾನ್ಯರಿಗೆ ಸಾಧ್ಯವಾದದ್ದಲ್ಲ. ಆದರೂ ಲಕ್ಷ್ಮಿಯ ಹೆಸರು ಬಂದಲ್ಲಿ ನನ್ನ ಓದು ನಿಂತುಬಿಡುತ್ತದೆ. ನಮ್ಮ ಸಭಾಚರಿತ್ರೆಗಳಲ್ಲಿ ಆಕೆ ನಂಬಿಕೆಗೆ ಒದಗಿದ ಒಂದು ಅಡ್ಡಿ, ಅಷ್ಟೇ. ಆಕೆಯ ಪಾಲಿಗಾದರೋ ಅಡ್ಡಿಯಾದದ್ದು ಗಂಡನ ನಂಬಿಕೆ. ಬಾಳ್ವೆ ಮುಗಿಯದೆಯೇ ಮುತ್ತೈದೆತನ ಅರ್ಥ ಕಳೆದುಕೊಂಡ ಹೆಣ್ಣುಮಗಳನ್ನು ಯಾವ ಶಿಲಾಶಾಸನವೂ ನೆನೆಯುವುದಿಲ್ಲ. ಕ್ರೈಸ್ತನಾದ ನಾನು ಇದನ್ನು ಹೇಳಬೇಕು. ಬೇರೆಯವರು ಹೇಳಿದರೆ ಅದು ಬರಿಯ ದೂಷಣೆಯೆನಿಸೀತು.

ಇನ್ನು ಬಯಲುಸೀಮೆಗೆ ಬರೋಣ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಪ್ಪ ಡೇನಿಯಲಪ್ಪ ಉತ್ತಂಗಿಯವರ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಉತ್ತಂಗಿ ಎಂಬುದು ಹಡಗಲಿ ಸೀಮೆಯ ಒಂದು ಹಳ್ಳಿ. ಡೇನಿಯಲ್ ಸಿಂಹದ ಗವಿಯಲ್ಲಿ ಉಳಿದ ಇಬ್ರಿಯ ಪ್ರವಾದಿ. ಅವನಿಗೆ ಉತ್ತರ ಕರ್ನಾಟಕದವರು ಒಂದು ‘ಅಪ್ಪ’ ಸೇರಿಸಿ ಅವನನ್ನು ನೆರೆಮನೆಯ ಹಿರಿಯನನ್ನಾಗಿ ಮಾಡಿಕೊಂಡರು. ಅಂಥ ಡೇನಿಯಲಪ್ಪನವರು ಮಗನಿಗೆ ಇಟ್ಟ ಹೆಸರು ಚನ್ನಪ್ಪ. ಕೌಂಡಿನ್ಯರು ಜರ್ಮನ್ ಹೆಸರನ್ನು ಸೇರಿಸಿಕೊಳ್ಳಬೇಕಾಗಿ ಬಂತು. ಒಂದು ತಲೆಮಾರು ಉರುಳುವಷ್ಟರಲ್ಲಿ ಬಯಲುಸೀಮೆಯ ಈ ಮನೆಯಲ್ಲಿ ಹೆಸರು ಮತ್ತೆ ಕನ್ನಡಕ್ಕೆ ಮರಳಿತು.

ಉತ್ತಂಗಿಯವರು ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಸಭಾಪಾಲಕರಾದರು. ಅವರ ವೃತ್ತಿ ಸುವಾರ್ತೆ ಸಾರುವುದು. ಊರೂರು ತಿರುಗುತ್ತ ಅವರು ಕೂಡಿಸಿಕೊಂಡದ್ದು ಸರ್ವಜ್ಞನ ತ್ರಿಪದಿಗಳನ್ನು. ಜನರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡರು, ಹಸ್ತಪ್ರತಿಗಳನ್ನು ಹುಡುಕಿದರು, ವಿಷಯವಾರು ವಿಂಗಡಿಸಿದರು. ಎರಡು ಸಾವಿರದಷ್ಟು ತ್ರಿಪದಿಗಳ ಆ ಸಂಗ್ರಹ 1924ರಲ್ಲಿ ಪ್ರಕಟವಾಯಿತು. ಸಂಪಾದನೆಯ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತು. ಕಾವ್ಯಕ್ಕೆ ಆದಿಯುಂಟು, ಅಂತ್ಯವುಂಟು, ಕವಿಯ ಅಂಕಿತವುಂಟು. ಆದರೆ ‘ಸರ್ವಜ್ಞ’ ಎಂದು ಮುಗಿಯುವ ಮೂರು ಸಾಲನ್ನು ಯಾವ ಜಾಣನೂ ಕಟ್ಟಿ ತೇಲಿಬಿಡಬಹುದು. ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವ ಕೆಲಸಕ್ಕೆ ಕಿವಿ ಬೇಕು. ಅಂಥ ಕಿವಿ ನಿಘಂಟಿನಿಂದ ಬರುವುದಲ್ಲ, ಜೋಳದ ರೊಟ್ಟಿಯೊಡನೆ ಬರುವುದು. ಕಿಟ್ಟೆಲರ ವಿದ್ವತ್ತಿಗೆ ಕೈಮುಗಿದೇ ಈ ಮಾತು ಹೇಳುತ್ತಿದ್ದೇನೆ.

‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಕೃತಿ. ಆ ಹೆಸರಿನ ವಿನಯವನ್ನು ಗಮನಿಸಬೇಕು: ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಮಾಡುತ್ತಿಲ್ಲ, ವಿನಂತಿಸುತ್ತಿದೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಚರ್ಚೆ ಎದ್ದಾಗ, ಅದರ ಐತಿಹಾಸಿಕತೆಯ ಪರವಾಗಿ ಈ ಕ್ರೈಸ್ತ ಪಾದ್ರಿ 1951ರಲ್ಲಿ ಪುಸ್ತಕವನ್ನೇ ಬರೆದರು. ಪರರ ಮನೆಯ ವ್ಯಾಜ್ಯದಲ್ಲಿ ಇಷ್ಟು ಬೆವರು ಸುರಿಸುವವರು ವಿರಳ. ಉತ್ತಂಗಿಯವರಿಗೆ ಅದು ಪರರ ಮನೆಯಾಗಿರಲಿಲ್ಲ. ಅತ್ತ ಕರಾವಳಿಯ ಮಂಜೇಶ್ವರದಲ್ಲಿ, ಕೊಂಕಣಿ ಮನೆಮಾತಿನ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಬರೆದಿದ್ದರು. ಯಾರೂ ಯಾರನ್ನೂ ಮತಾಂತರಿಸದೆ ಈ ಕೊಡುಕೊಳ್ಳುವಿಕೆ ನಡೆಯಿತು.

1949ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರ್ಗಿಯಲ್ಲಿ ಸೇರಿತು. ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ರಜಾಕಾರರ ಹಾವಳಿಯ ಗಾಯ ಹಸಿಯಾಗಿತ್ತು. ಮತದ ಹೆಸರಿನಲ್ಲಿ ಊರುಗಳು ಉರಿದಿದ್ದವು. ಕನ್ನಡನಾಡು ಒಂದಾಗಲು ಇನ್ನೂ ಏಳು ವರ್ಷ ಕಾಯಬೇಕಿತ್ತು. ಅಂಥ ನೆಲದಲ್ಲಿ ಕನ್ನಡಿಗರು ಅಧ್ಯಕ್ಷ ಪೀಠಕ್ಕೆ ಕರೆತಂದದ್ದು ಸಭಾಪಾಲಕ ಉತ್ತಂಗಿ ಚನ್ನಪ್ಪನವರನ್ನು. ಅವರನ್ನು ಜನ ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. 1962ರಲ್ಲಿ ಅವರು ತೀರಿಕೊಂಡ ಮೇಲೆಯೂ ಆ ಬಿರುದು ಉಳಿದಿದೆ. ಅದರಲ್ಲಿ ಜಾತಿಯ ಸುಳಿವಿಲ್ಲ, ಮತದ ಸುಳಿವೂ ಇಲ್ಲ.