ಕಸುಬಿನೊಡನೆ ಬಂದವರು

ಬೀದರ್ ಜಿಲ್ಲೆಯ ಬೇಮಳಖೇಡ, ಹುಮನಾಬಾದ್ ಮತ್ತು ಬಸವಕಲ್ಯಾಣದ ನೆಲವು ಬಹು ಹಿಂದಿನಿಂದಲೂ ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದೆ. ಮನುಷ್ಯನ ಯೋಗ್ಯತೆಯನ್ನು ಅವನ ಕಸುಬಿನಿಂದ ಅಳೆಯಬೇಕೇ ಎಂಬುದೇ ಆ ಪ್ರಶ್ನೆ. 12ನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಬಂದ ಶರಣರ ಹೆಸರುಗಳನ್ನು ಗಮನಿಸಿರಿ. ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ, ಹೆಂಡದ ಮಾರಯ್ಯ, ಸೂಳೆ ಸಂಕವ್ವ. ಸಮಾಜವು ಯಾವ ಕಸುಬನ್ನು ಹಿಡಿದು ಅವರನ್ನು ದೂರವಿಟ್ಟಿತ್ತೋ ಆ ಕಸುಬೇ ಅವರ ಹೆಸರಿನ ಭಾಗವಾಗಿ ಉಳಿದಿದೆ. ಅವರ ಪೈಕಿ ಮಾರಯ್ಯನು ಹೆಂಡ ಮಾರಿ ಬದುಕುತ್ತಿದ್ದವನು ಮತ್ತು ಕುಡಿಯಲು ಬಂದವರಿಗೆ ತಿಳಿವಳಿಕೆ ಹೇಳುತ್ತಿದ್ದವನು ಎಂದು ಪರಂಪರೆ ಹೇಳುತ್ತದೆ.

ಇದೇ ಪ್ರಶ್ನೆ ಇಸ್ಲಾಮಿನ ಮುಂದೆಯೂ ಇದೆ, ಇಂದಿಗೂ ಇದೆ. ಒಬ್ಬ ವ್ಯಕ್ತಿಯು ಸತ್ಯವನ್ನು ಮನಗಂಡು ಕಲಿಮಾ ಪಠಿಸಲು ಮುಂದಾಗುತ್ತಾನೆ. ಆದರೆ ಅವನ ಹೊಟ್ಟೆಪಾಡು ಧರ್ಮವು ನಿಷೇಧಿಸಿದ ಅಥವಾ ಮೆಚ್ಚದ ಒಂದು ವೃತ್ತಿಯಲ್ಲಿದೆ. ಅವನು ಸೇಂದಿ ಅಂಗಡಿಯ ಆಳಾಗಿರಬಹುದು, ಬಡ್ಡಿಯ ಲೆಕ್ಕ ಬರೆಯುವ ಗುಮಾಸ್ತನಾಗಿರಬಹುದು, ವಿಗ್ರಹ ಕೆತ್ತುವ ಶಿಲ್ಪಿಯಾಗಿರಬಹುದು, ವಾದ್ಯ ನುಡಿಸುವ ಕಲಾವಿದನಾಗಿರಬಹುದು. ಅವನು ಮೊದಲು ಕಸುಬನ್ನು ಬಿಟ್ಟು ಅನಂತರ ಬರಬೇಕೇ? ಕಸುಬಿನೊಡನೆಯೇ ಬಂದರೆ ಅವನ ವಿಶ್ವಾಸಕ್ಕೆ ಬೆಲೆಯಿಲ್ಲವೇ? ಬಿಟ್ಟುಬಂದರೆ ಅವನ ಮಕ್ಕಳಿಗೆ ಅನ್ನವಿಕ್ಕುವವರು ಯಾರು? ಇವುಗಳಿಗೆ ಉತ್ತರವನ್ನು ನಮ್ಮ ಊಹೆಯಲ್ಲಿ ಹುಡುಕಬೇಕಾಗಿಲ್ಲ. ಇಸ್ಲಾಮಿನ ಪ್ರಥಮ ಪೀಳಿಗೆಯ ಇತಿಹಾಸದಲ್ಲಿ ಅದು ಸ್ಪಷ್ಟವಾಗಿದೆ.

ಬೆಳಿಗ್ಗೆ ಮಾಂತ್ರಿಕರು, ಸಂಜೆ ಹುತಾತ್ಮರು

ಪವಿತ್ರ ಕುರ್‌ಆನ್ ಈ ವಿಷಯದಲ್ಲಿ ನಮ್ಮ ಮುಂದಿಡುವ ಅತ್ಯಂತ ಪ್ರಭಾವಶಾಲಿ ದೃಷ್ಟಾಂತವು ಫಿರ್‌ಔನನ ಆಸ್ಥಾನದ ಮಾಂತ್ರಿಕರದು. ಮಾಟವು ಇಸ್ಲಾಮಿನಲ್ಲಿ ಮಹಾಪಾಪಗಳಲ್ಲೊಂದು. ಪ್ರವಾದಿ ಮೂಸಾ(ಅ)ರನ್ನು ಸೋಲಿಸಲು ಕರೆಸಲ್ಪಟ್ಟ ಈ ಮಾಂತ್ರಿಕರು ಮಾಡಿದ ಮೊದಲ ಕೆಲಸವೆಂದರೆ ಕೂಲಿಯನ್ನು ಗಟ್ಟಿಮಾಡಿಕೊಂಡದ್ದು. ಗೆದ್ದರೆ ತಮಗೆ ಪ್ರತಿಫಲ ಉಂಟಷ್ಟೇ ಎಂದು ಅವರು ಕೇಳಿದರು. ಪ್ರತಿಫಲವಷ್ಟೇ ಅಲ್ಲ, ಆಸ್ಥಾನದಲ್ಲಿ ನಿಕಟ ಸ್ಥಾನವೂ ಉಂಟೆಂದು ಫಿರ್‌ಔನನು ಮಾತು ಕೊಟ್ಟನು (7:113-114). ಅವರು ಹಗ್ಗಗಳನ್ನೂ ಕೋಲುಗಳನ್ನೂ ಎಸೆದರು. ಮೂಸಾ(ಅ)ರ ಕೋಲು ಅವರ ಕಣ್ಕಟ್ಟನ್ನೆಲ್ಲ ನುಂಗಿಬಿಟ್ಟಿತು. ಆ ಕ್ಷಣದಲ್ಲೇ ಅವರು ಸಾಷ್ಟಾಂಗವೆರಗಿದರು.

ಸತ್ಯವನ್ನು ಮೊದಲು ಗುರುತಿಸಿದವರು ಅವರೇ ಆದುದೇಕೆ? ಮಾಟವೆಂದರೇನೆಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. ಆದುದರಿಂದಲೇ ಇದು ಮಾಟವಲ್ಲ ಎಂಬುದು ಮಿಕ್ಕೆಲ್ಲರಿಗಿಂತ ಮೊದಲು ಅವರಿಗೆ ತಿಳಿಯಿತು. ಯಾವ ಕಸುಬು ಅವರನ್ನು ಸತ್ಯಕ್ಕೆ ಎದುರಾಗಿ ನಿಲ್ಲಿಸಿತ್ತೋ ಆ ಕಸುಬಿನ ಅರಿವೇ ಅವರನ್ನು ಸತ್ಯದೆಡೆಗೆ ಕೊಂಡೊಯ್ದಿತು. ಕೈಕಾಲು ಕಡಿದು ಖರ್ಜೂರದ ಕಾಂಡಗಳಿಗೆ ಶಿಲುಬೆಗೇರಿಸುವೆನೆಂದು ಫಿರ್‌ಔನನು ಬೆದರಿಸಿದಾಗಲೂ ಅವರು ಕದಲಲಿಲ್ಲ (20:71-72). ಬೆಳಿಗ್ಗೆ ಮಾಂತ್ರಿಕರಾಗಿದ್ದವರು ಸಂಜೆಗೆ ಹುತಾತ್ಮರಾದರೆಂದು ಕುರ್‌ಆನ್ ವ್ಯಾಖ್ಯಾನಕಾರರು ಬರೆದಿದ್ದಾರೆ. ಈ ಜನರ ಹಳೆಯ ವೃತ್ತಿಯನ್ನು ಅಲ್ಲಾಹನು ಅವರ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಲಿಲ್ಲ.

ನಿಷಿದ್ಧ ಸಂಪಾದನೆ: ಗತಕಾಲಕ್ಕೆ ಕ್ಷಮೆ, ಮುಂದಕ್ಕೆ ಗೆರೆ

ಹಾಗೆಂದು ಇಸ್ಲಾಮ್ ನಿಷಿದ್ಧವನ್ನು ನಿಷಿದ್ಧವಲ್ಲವೆಂದು ಹೇಳಿತೇ? ಇಲ್ಲ. ಮದೀನಾದಲ್ಲಿ ಮದ್ಯದ ನಿಷೇಧವು ಒಂದೇ ದಿನದಲ್ಲಿ ಬರಲಿಲ್ಲ. ಅದರ ಹಾನಿಯು ಲಾಭಕ್ಕಿಂತ ದೊಡ್ಡದೆಂದು ಮೊದಲು ತಿಳಿಸಲಾಯಿತು (2:219). ಅಮಲಿನಲ್ಲಿ ನಮಾಝನ್ನು ಸಮೀಪಿಸಬಾರದೆಂಬ ಆದೇಶ ಬಳಿಕ ಬಂತು (4:43). ಸಂಪೂರ್ಣ ನಿಷೇಧವು ಕೊನೆಯದು (5:90-91). ಆ ಘೋಷಣೆ ಕೇಳಿಬಂದಾಗ ಅಬೂ ತಲ್ಹಾ(ರ)ರ ಮನೆಯಲ್ಲಿ ಮದ್ಯ ಹಂಚುತ್ತಿದ್ದವರು ಹದಿಹರೆಯದ ಅನಸ್(ರ). ಪಾತ್ರೆಗಳನ್ನು ಅಲ್ಲೇ ಬರಿದು ಮಾಡಲಾಯಿತು. ಮದೀನಾದ ಬೀದಿಗಳಲ್ಲಿ ಮದ್ಯ ಹರಿಯಿತು.

ಆಗ ಒಂದು ಕಳವಳ ಹುಟ್ಟಿತು. ನಿಷೇಧಕ್ಕೆ ಮುನ್ನ ಕುಡಿದು, ಅನಂತರ ಮರಣ ಹೊಂದಿದ ಸಹೋದರರ ಗತಿಯೇನು? ವಿಶ್ವಾಸವಿಟ್ಟು ಸತ್ಕರ್ಮವೆಸಗಿದವರ ಮೇಲೆ ಹಿಂದೆ ಸೇವಿಸಿದ್ದಕ್ಕಾಗಿ ದೋಷವಿಲ್ಲವೆಂದು ಕುರ್‌ಆನ್ ಸಾಂತ್ವನ ನೀಡಿತು (5:93). ಆದರೆ ಮುಂದಿನ ವ್ಯಾಪಾರಕ್ಕೆ ಬಾಗಿಲು ಮುಚ್ಚಿತ್ತು. ನಿಷೇಧದ ಸುದ್ದಿ ತಿಳಿಯದ ಒಬ್ಬ ವ್ಯಕ್ತಿ ಪ್ರವಾದಿವರ್ಯರಿಗೆ(ಸ) ಒಂದು ತೊಗಲಿನ ಚೀಲ ತುಂಬ ಮದ್ಯವನ್ನು ಉಡುಗೊರೆಯಾಗಿ ತಂದನು. ಅದು ನಿಷಿದ್ಧವಾಗಿದೆಯೆಂದು ತಿಳಿದಾಗ, ಅದನ್ನು ಮಾರಿಬಿಡುವಂತೆ ಅವನು ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟಿದನು. ಕುಡಿಯುವುದನ್ನು ನಿಷೇಧಿಸಿದವನೇ ಅದರ ಮಾರಾಟವನ್ನೂ ನಿಷೇಧಿಸಿದ್ದಾನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಆತ ಚೀಲದ ಬಾಯಿ ಬಿಚ್ಚಿ ಎಲ್ಲವನ್ನೂ ಸುರಿದುಬಿಟ್ಟನೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಗದರಿಕೆಯಿಲ್ಲ, ಅವಮಾನವಿಲ್ಲ, ಆದರೆ ರಿಯಾಯಿತಿಯೂ ಇಲ್ಲ.

ಬಡ್ಡಿಯ ವಿಷಯದಲ್ಲೂ ಇದೇ ನ್ಯಾಯ. ಉಪದೇಶ ತಲುಪಿದ ಮೇಲೆ ನಿಲ್ಲಿಸಿದವನಿಗೆ ಹಿಂದಿನದು ಅವನದೇ (2:275). ಪಶ್ಚಾತ್ತಾಪಪಟ್ಟವನಿಗೆ ಅವನ ಮೂಲಧನ ಉಂಟು (2:279). ಹಿಜ್ರಾ 10ರಲ್ಲಿ ವಿದಾಯ ಹಜ್ಜ್‌ನ ಭಾಷಣದಲ್ಲಿ ಅಜ್ಞಾನಕಾಲದ ಬಡ್ಡಿಯನ್ನೆಲ್ಲ ರದ್ದುಪಡಿಸಿದಾಗ ಪ್ರವಾದಿವರ್ಯರು(ಸ) ಮೊದಲು ರದ್ದುಮಾಡಿದ್ದು ಸ್ವಂತ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಾಗಿದ್ದ ಬಡ್ಡಿಯನ್ನು. ಕಾನೂನು ಬಡ ನವಮುಸ್ಲಿಮನ ಬಾಗಿಲಿಗೆ ಹೋಗುವ ಮುನ್ನ ನಾಯಕನ ಮನೆಯಿಂದಲೇ ಆರಂಭವಾಯಿತು.

ಮುಗೀರಾ ಬಿನ್ ಶುಅಬಾ(ರ)ರ ಪ್ರಕರಣವಂತೂ ಇನ್ನಷ್ಟು ಕಠಿಣವಾದುದು. ಅಜ್ಞಾನಕಾಲದಲ್ಲಿ ಅವರು ಸಹಪ್ರಯಾಣಿಕರನ್ನು ಕೊಂದು ಅವರ ಸೊತ್ತನ್ನು ತೆಗೆದುಕೊಂಡು ಮದೀನಾಕ್ಕೆ ಬಂದು ಇಸ್ಲಾಮ್ ಸ್ವೀಕರಿಸಿದ್ದರು. ಇಸ್ಲಾಮನ್ನು ತಾನು ಒಪ್ಪುವೆ, ಆದರೆ ಆ ಸೊತ್ತಿನೊಂದಿಗೆ ತನಗೆ ಯಾವ ಸಂಬಂಧವೂ ಇಲ್ಲ ಎಂಬುದು ಪ್ರವಾದಿವರ್ಯರ(ಸ) ನಿಲುವಾಗಿತ್ತು. ವ್ಯಕ್ತಿ ಬೇರೆ, ಅವನ ಗಳಿಕೆ ಬೇರೆ. ಒಂದನ್ನು ತಿರಸ್ಕರಿಸಲು ಇನ್ನೊಂದನ್ನು ತಿರಸ್ಕರಿಸಬೇಕಾಗಿಲ್ಲ. ಈ ಅಧ್ಯಾಯದ ತಿರುಳು ಇಷ್ಟೇ.

ಮೆಚ್ಚದ ವೃತ್ತಿ, ಮೆಚ್ಚಿದ ಮನುಷ್ಯ

ನಿಷಿದ್ಧವಲ್ಲದ, ಆದರೆ ಧರ್ಮವು ಅಷ್ಟಾಗಿ ಮೆಚ್ಚದ ವೃತ್ತಿಗಳೂ ಇವೆ. ಕೊಂಬಿಟ್ಟು ಕೆಟ್ಟ ರಕ್ತ ತೆಗೆಯುವ ಹಿಜಾಮದ ಕಸುಬು ಅಂತಹುದು. ಅದನ್ನು ಮಾಡುವವನಿಗೆ ಅರಬಿಯಲ್ಲಿ ‘ಹಜ್ಜಾಮ್’ ಎನ್ನುತ್ತಾರೆ. ಈ ಗಳಿಕೆಯನ್ನು ಕೀಳೆಂದು ಹೇಳುವ ಹದೀಸ್‌ಗಳಿವೆ. ಮುಹಯ್ಯಿಸಾ(ರ) ಎಂಬ ಸಹಾಬಿ ಈ ಗಳಿಕೆಗಾಗಿ ಅನುಮತಿ ಕೇಳಿದಾಗ ಪ್ರವಾದಿವರ್ಯರು(ಸ) ತಡೆದರು. ಅವರು ಮತ್ತೆ ಮತ್ತೆ ಕೇಳುತ್ತಲೇ ಇದ್ದುದರಿಂದ, ಅದನ್ನು ನೀರು ಹೊರುವ ಒಂಟೆಯ ಮೇವಿಗೂ ಸೇವಕನ ಆಹಾರಕ್ಕೂ ಬಳಸಲು ಹೇಳಿದರು.

ಆದರೆ ಅದೇ ಪ್ರವಾದಿವರ್ಯರು(ಸ) ಅಬೂ ತೈಬಾ ಎಂಬ ಗುಲಾಮನಿಂದ ಹಿಜಾಮ ಮಾಡಿಸಿಕೊಂಡರು. ಅವನಿಗೆ ಕೂಲಿಯಾಗಿ ಧಾನ್ಯ ಕೊಡಿಸಿದರು. ಅಷ್ಟಕ್ಕೇ ನಿಲ್ಲದೆ ಅವನ ಒಡೆಯರೊಡನೆ ಮಾತನಾಡಿ, ಅವನು ದಿನವೂ ಸಲ್ಲಿಸಬೇಕಾಗಿದ್ದ ಗಳಿಕೆಯ ಪಾಲನ್ನು ಕಡಿಮೆ ಮಾಡಿಸಿದರು. ಆ ಕೂಲಿ ಹರಾಮ್ ಆಗಿದ್ದರೆ ಅವರು ಕೊಡುತ್ತಲೇ ಇರಲಿಲ್ಲವೆಂದು ಇಬ್ನು ಅಬ್ಬಾಸ್(ರ) ವಿವರಿಸಿದ್ದಾರೆ. ಇದೇ ಕಸುಬಿನ ಅಬೂ ಹಿಂದ್(ರ) ಬನೂ ಬಯಾಝಾ ಗೋತ್ರದ ವಿಮೋಚಿತ ಗುಲಾಮರಾಗಿದ್ದರು. ಅವರೊಂದಿಗೆ ಹೆಣ್ಣು ಕೊಟ್ಟು ತರುವ ಸಂಬಂಧ ಬೆಳೆಸುವಂತೆ ಪ್ರವಾದಿವರ್ಯರು(ಸ) ಆ ಗೋತ್ರಕ್ಕೆ ಹೇಳಿದರೆಂದು ಅಬೂ ದಾವೂದ್ ಸಂಗ್ರಹದಲ್ಲಿದೆ. ಕಸುಬು ಮೆಚ್ಚುಗೆಯದಲ್ಲ, ಆದರೆ ಕಸುಬುದಾರನು ಮನೆಯ ಅಳಿಯನಾಗಲು ಯೋಗ್ಯನು!

ಈ ‘ಹಜ್ಜಾಮ್’ ಎಂಬ ಪದವೇ ನಮ್ಮ ಕನ್ನಡಕ್ಕೆ ‘ಹಜಾಮ’ನಾಗಿ ಬಂದಿದೆ. ಬಂದು ಏನಾಯಿತು? ಅದು ಒಂದು ಬೈಗುಳವಾಯಿತು. ಪ್ರವಾದಿವರ್ಯರು(ಸ) ತಮ್ಮ ಶರೀರವನ್ನೇ ಒಪ್ಪಿಸಿದ ಕಸುಬುದಾರನ ಹೆಸರು ನಮ್ಮ ಊರುಗಳಲ್ಲಿ ಜಗಳದ ಮಾತಾಗಿ ಬಳಕೆಯಾಗುತ್ತಿರುವಾಗ ನಾವು ತಲೆತಗ್ಗಿಸಬೇಕಾಗಿದೆ.

ಕೌಶಲಕ್ಕೆ ಹೊಸ ದಾರಿ

ಕೆಲವರಿಗೆ ಕಸುಬನ್ನು ಪೂರ್ತಿ ಬಿಡಬೇಕಾಗಲಿಲ್ಲ. ಅದರ ದಿಕ್ಕನ್ನು ಬದಲಿಸಿದರೆ ಸಾಕಾಯಿತು. ಒಬ್ಬನು ಇಬ್ನು ಅಬ್ಬಾಸ್(ರ)ರ ಬಳಿ ಬಂದು, ಚಿತ್ರ ಮಾಡುವ ಕೈಕೆಲಸವೇ ತನ್ನ ಜೀವನೋಪಾಯವೆಂದು ಹೇಳಿಕೊಂಡನು. ಜೀವಿಗಳ ರೂಪ ರಚಿಸುವವರ ಕುರಿತಾದ ಎಚ್ಚರಿಕೆಯನ್ನು ಕೇಳಿ ಅವನ ಮುಖ ವಿವರ್ಣವಾಯಿತು. ಆಗ ಇಬ್ನು ಅಬ್ಬಾಸ್(ರ) ಅವನನ್ನು ಹಾಗೆಯೇ ಕಳುಹಿಸಲಿಲ್ಲ. ಮಾಡಲೇಬೇಕೆಂದಿದ್ದರೆ ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಮಾಡುವಂತೆ ದಾರಿ ತೋರಿದರು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದನ್ನು ತೆರೆದು ತೋರಿಸುವುದು ವಿದ್ವಾಂಸನ ಹೊಣೆಯೆಂಬುದಕ್ಕೆ ಇದು ಸಾಕ್ಷಿ.

ಕವಿಗಳ ಇತಿಹಾಸ ಇನ್ನೂ ಕುತೂಹಲಕರವಾಗಿದೆ. ದಾರಿಗೆಟ್ಟವರು ಹಿಂಬಾಲಿಸುವ ಕವಿಗಳನ್ನು ಕುರ್‌ಆನ್ ಟೀಕಿಸಿತು. ಆದರೆ ವಿಶ್ವಾಸವಿಟ್ಟು ಸತ್ಕರ್ಮವೆಸಗಿದವರನ್ನು ಅದೇ ಅಧ್ಯಾಯದಲ್ಲಿ ಹೊರತುಪಡಿಸಿತು (26:224-227). ಪ್ರವಾದಿವರ್ಯರ(ಸ) ವಿರುದ್ಧ ಕವಿತೆ ಕಟ್ಟಿದ್ದ ಕಅಬ್ ಬಿನ್ ಝುಹೈರ್, ಮಕ್ಕಾ ವಿಜಯದ ಬಳಿಕ ಕ್ಷಮೆ ಯಾಚಿಸಿ ಬಂದು ಅವರ ಸನ್ನಿಧಿಯಲ್ಲೇ ಕವಿತೆ ಹಾಡಿದರು. ಪ್ರವಾದಿವರ್ಯರು(ಸ) ತಮ್ಮ ಹೊದಿಕೆಯನ್ನೇ ಅವರಿಗೆ ಹೊದಿಸಿದರು. ಅವರು ಕವಿಯಾಗಿಯೇ ಉಳಿದರು. ಮುಅಲ್ಲಖಾ ಕವಿಗಳಲ್ಲೊಬ್ಬರಾದ ಲಬೀದ್ ಬಿನ್ ರಬೀಅ(ರ)ರು ಮಾತ್ರ ಬೇರೆ ದಾರಿ ಹಿಡಿದರು. ಹಝ್ರತ್ ಉಮರ್(ರ)ರ ಕಾಲದಲ್ಲಿ, ಇಸ್ಲಾಮ್ ಸ್ವೀಕರಿಸಿದ ಬಳಿಕ ರಚಿಸಿದ ಕವಿತೆಗಳನ್ನು ಕಳುಹಿಸಲು ಹೇಳಿದಾಗ ಅವರು ಸೂರಃ ಅಲ್‌ಬಖರಃವನ್ನು ಬರೆದು ಕೊಟ್ಟರಂತೆ. ಕವಿತೆಗೆ ಬದಲಾಗಿ ಅಲ್ಲಾಹನು ತನಗೆ ಇದನ್ನು ದಯಪಾಲಿಸಿದ್ದಾನೆ ಎಂಬುದು ಅವರ ಉತ್ತರವಾಗಿತ್ತು. ಖಲೀಫರು ಅವರ ವೇತನವನ್ನು 500ರಷ್ಟು ಹೆಚ್ಚಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಲಬೀದರನ್ನು ಕಂಡು ಯಾರೂ ಕಅಬರನ್ನು ಹಳಿಯಲಿಲ್ಲ. ಕಅಬರನ್ನು ಕಂಡು ಯಾರೂ ಲಬೀದರನ್ನು ಅತಿರೇಕಿಯೆನ್ನಲಿಲ್ಲ.

ನಮ್ಮ ಕಾಲದಲ್ಲೂ ಇದರ ಪ್ರತಿಬಿಂಬವಿದೆ. ಕ್ಯಾಟ್ ಸ್ಟೀವನ್ಸ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧನಾಗಿದ್ದ ಲಂಡನ್ನಿನ ಗಾಯಕ 1977ರಲ್ಲಿ ಇಸ್ಲಾಮ್ ಸ್ವೀಕರಿಸಿ ಯೂಸುಫ್ ಇಸ್ಲಾಮ್ ಆದರು. ತಮ್ಮ ಗಿಟಾರ್‌ಗಳನ್ನು ಹರಾಜು ಹಾಕಿ ಸಂಗೀತ ಲೋಕದಿಂದ ಹೊರಬಂದರು. 1983ರಲ್ಲಿ ಲಂಡನ್ನಿನಲ್ಲಿ ಮುಸ್ಲಿಮ್ ಮಕ್ಕಳಿಗಾಗಿ ಶಾಲೆ ತೆರೆದರು. ಎರಡು ದಶಕಗಳಿಗೂ ಹೆಚ್ಚಿನ ಚಿಂತನೆಯ ಬಳಿಕ 2006ರಲ್ಲಿ ಮತ್ತೆ ಗೀತಗುಚ್ಛದೊಂದಿಗೆ ಮರಳಿದರು. ಸಂಗೀತದ ಕುರಿತು ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯವನ್ನು ಅವರ ಬದುಕು ಬಗೆಹರಿಸುವುದಿಲ್ಲ. ಆದರೆ ಕಸುಬು ಮತ್ತು ವಿಶ್ವಾಸದ ನಡುವಿನ ಈ ತೂಗಾಟವು ಒಂದು ದಿನದ ತೀರ್ಮಾನವಲ್ಲ, ಕೆಲವೊಮ್ಮೆ ಒಂದು ಆಯುಷ್ಯದ ತಪಸ್ಸೆಂಬುದನ್ನು ಅದು ತೋರಿಸುತ್ತದೆ.

ನಾವು ಎಡವಿದ್ದೆಲ್ಲಿ?

ಇಷ್ಟು ಉಜ್ವಲವಾದ ಪರಂಪರೆ ಇದ್ದೂ ನಮ್ಮ ಸಮಾಜವು ಒಂದು ದೊಡ್ಡ ತಪ್ಪನ್ನು ಮಾಡಿತು. ವೃತ್ತಿಯ ಕುರಿತಾದ ಅಪ್ರಿಯತೆಯನ್ನು ವ್ಯಕ್ತಿಗೆ, ಅವನಿಂದ ಅವನ ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟಿಸಿತು. ವಿವಾಹದ ಸಮಾನತೆಯನ್ನು ಚರ್ಚಿಸುವಾಗ ಕೆಲವು ಕರ್ಮಶಾಸ್ತ್ರಜ್ಞರು ನೇಕಾರ, ಹಜ್ಜಾಮ್, ಜಾಡಮಾಲಿಗಳನ್ನು ಕೆಳಗಿನ ಸಾಲಿನಲ್ಲಿಟ್ಟರು. ಇಮಾಮ್ ಮಾಲಿಕ್(ರಹ)ರು ಧರ್ಮನಿಷ್ಠೆಯೊಂದೇ ಮಾನದಂಡವೆಂದರೂ ಆ ದನಿ ನಮ್ಮ ನೆಲದಲ್ಲಿ ಕ್ಷೀಣವಾಯಿತು. 14ನೆಯ ಶತಮಾನದ ದೆಹಲಿಯ ಚರಿತ್ರೆಕಾರ ಝಿಯಾಉದ್ದೀನ್ ಬರನಿಯಂತಹ ವಿದ್ಯಾವಂತನೇ, ಕೀಳು ಕುಲದವರಿಗೆ ಓದುಬರಹ ಕಲಿಸಬಾರದೆಂದು ವಾದಿಸಿದನು. ಇಂದು ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ನದಾಫ, ಪಿಂಜಾರ, ಕಸಾಬ್, ಛಪ್ಪರ್‌ಬಂದ್ ಮೊದಲಾದ ಮುಸ್ಲಿಮ್ ಸಮುದಾಯಗಳಿವೆ. ಇವುಗಳಲ್ಲಿ ಹತ್ತಿ ಹಿಂಜುವುದು, ಮಾಂಸ ಮಾರುವುದು ಯಾವುದೂ ಹರಾಮ್ ಅಲ್ಲ. ಆದರೂ ಮಸೀದಿಯ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತವರು ಹೆಣ್ಣು ಕೊಡುವಾಗ ಕಸುಬಿನ ಹೆಸರನ್ನು ವಿಚಾರಿಸುತ್ತಾರೆ. ಅಬೂ ಹಿಂದ್(ರ)ರಿಗೆ ಸಂಬಂಧ ಹುಡುಕಿದ ಪ್ರವಾದಿಯ ಅನುಯಾಯಿಗಳು ನಾವೇ ಏನು?

ಇನ್ನೊಂದು ಕಹಿ ಸತ್ಯವೂ ಇದೆ. 1948ರವರೆಗೆ ಈ ಪ್ರದೇಶವನ್ನು ಆಳಿದ ನಿಝಾಮ್ ಸಂಸ್ಥಾನದ ಬೊಕ್ಕಸಕ್ಕೆ ಸೇಂದಿ-ಸಾರಾಯಿಗಳ ಅಬಕಾರಿ ತೆರಿಗೆಯು ಒಂದು ಮುಖ್ಯ ವರಮಾನವಾಗಿತ್ತು. ಮರವೇರಿ ಸೇಂದಿ ಇಳಿಸುವವನು ಕೀಳಾದನು. ಅದರ ಹಣ ಎಣಿಸಿದ ದರ್ಬಾರು ಕೀಳಾಗಲಿಲ್ಲ. ನಿಷಿದ್ಧದ ಭಾರವನ್ನು ದುರ್ಬಲನ ಹೆಗಲಿಗೆ ಮಾತ್ರ ಹೊರಿಸುವುದು ಚಿಕ್ಕಪ್ಪನ ಬಡ್ಡಿಯನ್ನು ಮೊದಲು ರದ್ದುಮಾಡಿದ ಪ್ರವಾದಿಯ ಮಾದರಿಯಲ್ಲ.

ಆದುದರಿಂದ ಕಸುಬಿನೊಡನೆ ಬರುವ ಸಹೋದರನಿಗೆ ನಾವು ಹೇಳಬೇಕಾದುದು ಸರಳವಾಗಿದೆ. ವಿಶ್ವಾಸವನ್ನು ಮುಂದೂಡಬೇಡ, ಸತ್ಯ ತಿಳಿದ ದಿನವೇ ಬಾ. ನಿಷಿದ್ಧವನ್ನು ನಿಷಿದ್ಧವೆಂದೇ ತಿಳಿ. ಅದರಿಂದ ಹೊರಬರುವ ದಾರಿಯನ್ನು ಇಂದಿನಿಂದಲೇ ಹುಡುಕು. ಹುಡುಕುವಾಗ ನೀನು ಒಬ್ಬಂಟಿಯಲ್ಲ. ಈ ಕೊನೆಯ ಮಾತನ್ನು ಹೇಳುವ ಹಕ್ಕು ನಮಗೆ ಬರಬೇಕಾದರೆ ನಾವು ಅದನ್ನು ಮಾಡಿ ತೋರಿಸಬೇಕು. ಝಕಾತಿನ ಹಕ್ಕುದಾರರಲ್ಲಿ ಬಡವರು, ಸಾಲಗಾರರ ಜೊತೆಗೆ ಹೃದಯ ಒಲಿಸಬೇಕಾದವರನ್ನೂ ಕುರ್‌ಆನ್ ಹೆಸರಿಸಿದೆ (9:60). ಪ್ರತಿ ರಮಝಾನಿನಲ್ಲಿ ಝಕಾತ್ ಸಂಗ್ರಹಿಸುವ ಜಮಾಅತ್‌ಗಳು, ಹರಾಮ್ ಗಳಿಕೆ ಬಿಟ್ಟುಬಂದ ಒಂದು ಕುಟುಂಬಕ್ಕೆ ಒಂದು ಹೊಲಿಗೆ ಯಂತ್ರವನ್ನೋ ಒಂದು ತಳ್ಳುಗಾಡಿಯನ್ನೋ ಕೊಡಿಸಿದರೆ, ಅದು ಹತ್ತು ಉಪನ್ಯಾಸಗಳಿಗಿಂತ ಮಿಗಿಲಾದ ಉತ್ತರವಾಗುವುದು. ಪ್ರವಾದಿ ದಾವೂದ್(ಅ)ರು ತಮ್ಮ ಕೈದುಡಿಮೆಯಿಂದ ಉಣ್ಣುತ್ತಿದ್ದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೊಸ ಸಹೋದರನ ಕೈಗೂ ಅಂತಹ ಒಂದು ದುಡಿಮೆಯನ್ನು ಒದಗಿಸುವುದು ನಮ್ಮ ಕರ್ತವ್ಯವಲ್ಲವೇ?

ಅಲ್ಲಾಹನು ನಮ್ಮ ಗಳಿಕೆಯನ್ನು ಶುದ್ಧಗೊಳಿಸಲಿ. ನಮ್ಮ ನೋಟವನ್ನೂ ಶುದ್ಧಗೊಳಿಸಲಿ. ಆಮೀನ್.